ಲಿಫ್ಟಣ್ಣನ ಬೆಳಕಿನ ಡಬ್ಬ

ಲಿಫ್ಟಣ್ಣನಿಗೆ ಈ ಜಗತ್ತಿನ ಬಗ್ಗೆ ಗೊತ್ತಿದ್ದದ್ದೆಲ್ಲ ಅರ್ಧಂಬರ್ಧ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಆರು ಮಹಡಿಯ ಹಳೇ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವುದು ಅವನ ಉದ್ಯೋಗ. ಜನ ಕೆಳಗೆ ಹತ್ತುವಾಗ ಮಾತು ಶುರು ಮಾಡುತ್ತಾರೆ, ತಂತಮ್ಮ ಮಹಡಿ ಬಂದ ಕೂಡಲೇ ಮಾತಿನ ಸಮೇತ ಇಳಿದು ಹೋಗುತ್ತಾರೆ. “ನಮ್ ಭಾವನ್ನ ಆಸ್ಪತ್ರೆಗೆ ಸೇರಿಸಿದ್ವಲ್ಲ, ಡಾಕ್ಟ್ರು ನೋಡಿ ಏನಂದ್ರು ಗೊತ್ತಾ...” ಅನ್ನುವಷ್ಟರಲ್ಲಿ ನಾಲ್ಕನೇ ಮಹಡಿ. ಡಾಕ್ಟರು ಏನೆಂದರು, ಭಾವ ಉಳಿದರೋ ಇಲ್ಲವೋ, ಲಿಫ್ಟಣ್ಣನಿಗೆ ಇವತ್ತಿಗೂ ತಿಳಿಯದು. ಅದು ಯಾರ ಭಾವ ಎಂಬುದೂ ಮರೆತುಹೋಗಿದೆ. ಚಿಂತೆ ಮಾತ್ರ ಉಳಿದಿದೆ.

ಲಿಫ್ಟಿನೊಳಗೆ ಎಲ್ಲರ ಕಣ್ಣೂ ಬಾಗಿಲ ಮೇಲೆ ಹೊಳೆಯುವ ಕೆಂಪು ಅಂಕಿಯ ಮೇಲೇ ಇರುತ್ತದೆ. ಆ ಅಂಕಿಯನ್ನು ನೋಡುವಷ್ಟು ಅಕ್ಕರೆಯಿಂದ ಲಿಫ್ಟಣ್ಣನನ್ನು ಯಾರೂ ಎಂದೂ ನೋಡಿರಲಿಲ್ಲ. ಮದುವೆಯ ಮಾತುಕತೆ ಒಂದೆರಡು ಸಲ ಮೇಲಕ್ಕೆದ್ದಿದ್ದೇನೋ ನಿಜ. ನಡುವೆ ಎಲ್ಲೋ ನಿಂತುಬಿಟ್ಟಿತು. ಲಿಫ್ಟ್ ನಿಂತರೆ ಮೆಕ್ಯಾನಿಕ್ ಬರುತ್ತಾನೆ. ಇದಕ್ಕೆ ಯಾರೂ ಬರಲಿಲ್ಲ.

ಹಾಗಾಗಿ ಐವತ್ತು ದಾಟಿದ ಈ ಮನುಷ್ಯ ಸಂಜೆ ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಇಕ್ಕಳ ಹಿಡಿದು ಕೂರುತ್ತಿದ್ದ. ಲಿಫ್ಟಿನ ಮೋಟಾರು ರಿಪೇರಿಯಾದಾಗ ಬಿಸಾಡುವ ತಾಮ್ರದ ತಂತಿಯನ್ನು ಬಗ್ಗಿಸಿ, ಸುತ್ತಿ, ಹೆಣೆದು ಪ್ರಾಣಿಪಕ್ಷಿಗಳನ್ನು ಮಾಡುವುದು ಅವನ ಹವ್ಯಾಸ. ಅಂಗೈಯಗಲದ ಒಂಟೆ, ಮರಿಗಳ ಸಮೇತ ಕೋಳಿ, ಪೆಡಲು ತಿರುಗುವ ಸೈಕಲ್ಲು, ಕೊಕ್ಕರೆ, ಕೊಡೆ ಹಿಡಿದ ಮುದುಕ. ಗೋಡೆಯ ಶೆಲ್ಫಿನಲ್ಲಿ ಒಂದು ಸಂಸಾರವೇ ನೆರೆದಿತ್ತು. ನೋಡಿದವರು ಮಾತ್ರ ಯಾರೂ ಇಲ್ಲ. ಒಮ್ಮೆ ಗ್ಯಾಸ್ ಸಿಲಿಂಡರಿನವನು ಒಳಗೆ ಬಂದಾಗ ಲಿಫ್ಟಣ್ಣ ಬೇಕೆಂದೇ ಶೆಲ್ಫಿನ ಪಕ್ಕ ನಿಂತು ಕೆಮ್ಮಿದ್ದ. ಸಿಲಿಂಡರಿನವನು “ಕಷಾಯ ಕುಡೀರಿ” ಎಂದು ಹೇಳಿ ಹೊರಟುಹೋಗಿದ್ದ.

ಹೀಗಿರುವಾಗ ಮೂರನೇ ಮಹಡಿಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿತು. ಅಲ್ಲಿದ್ದ ಕರಕುಶಲ ಸಂಘದವರು ವಸ್ತುಪ್ರದರ್ಶನ ನಡೆಸುತ್ತಾರಂತೆ. ಕೈಯಿಂದ ಮಾಡಿದ ಮೂರು ವಸ್ತುಗಳ ಫೋಟೋ ಕಳಿಸಬೇಕಂತೆ. ಮುಂದಿನ ವಾರದ ಶನಿವಾರವೇ ಕೊನೆಯ ದಿನವಂತೆ. ಲಿಫ್ಟಣ್ಣ ಆ ರಾತ್ರಿಯೇ ಒಂಟೆಯ ಫೋಟೋ ತೆಗೆದು, ಮರುದಿನ ಸಂಘದ ಮೇಡಂ ಲಿಫ್ಟ್ ಹತ್ತಿದಾಗ ಫೋನನ್ನು ಅವರ ಮುಂದೆ ಹಿಡಿದ.

ಮೇಡಂ ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು.

“ಏನಿದು? ಬಚ್ಚಲಲ್ಲಿ ಸಿಕ್ಕಿಕೊಂಡ ಕೂದಲಾ?”

“ಒಂಟೆ, ಮೇಡಂ.”

“ಎಲ್ಲಿ?”

“ಪೂರ್ತಿ ಅದೇ.”

“ಫೋಟೋ ಸರಿಯಿಲ್ಲ ಕಣ್ರೀ. ಒಂದು ಕಡೆ ಬೆಂಕಿ ಬಿದ್ದ ಹಾಗಿದೆ, ಇನ್ನೊಂದು ಕಡೆ ಕಗ್ಗತ್ತಲೆ. ಸ್ಟುಡಿಯೋಗೆ ಹೋಗಿ ತೆಗೆಸಿ.”

ಮನುಷ್ಯನ ಬಾಯಲ್ಲಿ ಕೆಲವು ಮಾತು ತಾವಾಗಿಯೇ ಹುಟ್ಟುತ್ತವೆ. ಲಿಫ್ಟಣ್ಣ ಎದೆಯುಬ್ಬಿಸಿ, “ಮನೇಲೇ ಸ್ಟುಡಿಯೋ ಇದೆ ಮೇಡಂ. ಲೈಟಿನ ಕೆಲಸ ಸ್ವಲ್ಪ ಬಾಕಿ ಇದೆ ಅಷ್ಟೆ” ಎಂದುಬಿಟ್ಟ. ಮೇಡಂ ಹುಬ್ಬೇರಿಸಿ ಏನೋ ಕೇಳಹೊರಟರು. ಅಷ್ಟರಲ್ಲಿ ಮೂರನೇ ಮಹಡಿ ಬಂತು.

ಇಲ್ಲದ ಸ್ಟುಡಿಯೋ ಕಟ್ಟುವ ಕೆಲಸ ಅಂದೇ ಶುರುವಾಯಿತು. ತಾಮ್ರದ ತಂತಿಯ ಫೋಟೋ ತೆಗೆಯುವುದು ಸುಲಭದ ಮಾತಲ್ಲ. ಒಂದೇ ದೀಪವನ್ನು ನೇರವಾಗಿ ಬಿಟ್ಟರೆ ತಂತಿ ಕಣ್ಣು ಕುಕ್ಕುತ್ತದೆ, ನೆರಳು ಮಸಿ ಬಳಿದಂತೆ ಬೀಳುತ್ತದೆ. ಫೋನಿನ ಫ್ಲ್ಯಾಶ್ ಹೊಡೆದರೆ ಒಂಟೆ ಹೋಗಿ ಮಿಂಚಾಗುತ್ತದೆ. ಒಂದು ಬದಿಗೆ ಬಿಳಿ ಬಲ್ಬು, ಇನ್ನೊಂದು ಬದಿಗೆ ಹಳದಿ ಬಲ್ಬು ಇಟ್ಟು ನೋಡಿದಾಗ ಒಂಟೆಗೆ ಅರ್ಧ ಮೈ ಕಾಮಾಲೆ ಬಂದಿತ್ತು. ಮೂರು ಸಂಜೆ ಹೀಗೆ ಹಾಳಾದ ಮೇಲೆ ಲಿಫ್ಟಣ್ಣನಿಗೆ ಒಂದು ಸತ್ಯ ಹೊಳೆಯಿತು: ಬೆಳಕು ಬೇಕು, ಆದರೆ ಅದು ಎಲ್ಲಿಂದ ಬಂತೆಂದು ಒಂಟೆಗೆ ಗೊತ್ತಾಗಬಾರದು.

ಟಿವಿ ಅಂಗಡಿಯ ಹಿಂದೆ ಬಿದ್ದಿದ್ದ ದೊಡ್ಡ ರಟ್ಟಿನ ಡಬ್ಬವನ್ನು ತಲೆಯ ಮೇಲೆ ಹೊತ್ತು ತಂದ. ಡಬ್ಬದ ಬಾಯಿಯನ್ನು ತನ್ನ ಕಡೆ ಮಾಡಿ ಮೇಜಿನ ಮೇಲೆ ಅಡ್ಡ ಮಲಗಿಸಿದ. ಎಡಕ್ಕೊಂದು, ಬಲಕ್ಕೊಂದು, ನೆತ್ತಿಗೊಂದು ಕಿಟಕಿ ಕೊರೆದು ಬಟರ್ ಪೇಪರ್ ಅಂಟಿಸಿದ. ಒಳಗೆ ಬಿಳಿ ಚಾರ್ಟ್ ಹಾಳೆಯನ್ನು ಮಡಿಕೆ ಬೀಳದಂತೆ ಹಿಂಬದಿಯಿಂದ ತಳಕ್ಕೆ ಬಾಗಿಸಿ ಇಳಿಬಿಟ್ಟ. ಎರಡು ಬದಿಗೂ ಟೇಬಲ್ ಲ್ಯಾಂಪು; ಅವಕ್ಕೆ ಅಂಗಡಿಯವನು ಧೂಳು ಒರೆಸಿ ಕೊಟ್ಟ ಹಳೇ ಕಾಲದ ತಂತಿ ಬಲ್ಬು. “ಇದನ್ನ ಈಗ ಯಾರೂ ಕೇಳಲ್ಲ. ಕಾದ ಹಂಚಿನ ಥರ ಸುಡುತ್ತೆ, ಹುಷಾರು” ಎಂದಿದ್ದ ಅಂಗಡಿಯವನು. ಅದಕ್ಕೇ ಲ್ಯಾಂಪುಗಳನ್ನು ಕಾಗದದಿಂದ ಮೊಳದೂರ ಇಟ್ಟ. ರಟ್ಟಿನ ತುಂಡಿಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಒಂಟೆಯ ಹೊಟ್ಟೆಯ ಕೆಳಗಿನ ಕತ್ತಲೆಗೆ ಬೆಳಕು ಚೆಲ್ಲುವ ಹಾಗೆ ಮುಂದೆ ನಿಲ್ಲಿಸಿದ. ಕೈ ನಡುಗಿದರೆ ಚಿತ್ರ ಕೆಡುತ್ತದೆಂದು ಫೋನನ್ನು ಹಳೇ ಪುಸ್ತಕಗಳ ರಾಶಿಗೆ ಒರಗಿಸಿ, ಟೈಮರ್ ಒತ್ತಿ, ಉಸಿರು ಬಿಗಿಹಿಡಿದು ದೂರ ನಿಂತ.

ಕ್ಲಿಕ್ ಎಂದಿತು.

ಒಂಟೆ ಎಂದರೆ ಒಂಟೆ! ಕತ್ತಿನ ಬಾಗು, ಮೊಣಕಾಲಿನ ಗಂಟು, ತಂತಿಯ ಒಂದೊಂದು ಸುತ್ತೂ ಎದ್ದು ಕಾಣುತ್ತಿತ್ತು. ನೆರಳೋ, ಮೆತ್ತಗೆ ಊದಿದ ಉಸಿರಿನಷ್ಟು. ಲಿಫ್ಟಣ್ಣ ಫೋನು ಹಿಡಿದು “ನೋಡಿ!” ಎಂದು ತಿರುಗಿದ. ತಿರುಗಿದ ಕಡೆ ಗ್ಯಾಸ್ ಸ್ಟೌ ಇತ್ತು. ಪಕ್ಕದಲ್ಲಿ ಕುಕ್ಕರ್ ಇತ್ತು. ಕುಕ್ಕರಿಗೆ ಎರಡು ಕ್ಷಣ ಫೋಟೋ ತೋರಿಸಿ ಕೈ ಇಳಿಸಿದ.

ಆಗಲೇ ಬಾಗಿಲು ಬಡಿದ ಸದ್ದಾಯಿತು. ಬಂದವರು ಎದುರು ಮನೆಯ ಟೀಚರಮ್ಮ. ಶಾಲೆಯಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ಬೀದಿಯಿಂದ ನಿವೃತ್ತರಾಗಿರಲಿಲ್ಲ. ಅವರ ಕುತ್ತಿಗೆ ತಿಂಗಳುಗಟ್ಟಲೆಯಿಂದ ಹಿಡಿದುಕೊಂಡಿತ್ತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಹಾಗಾಗಿ ಅವರು ಬೈಯುವುದಿದ್ದರೆ ಪೂರ್ತಿ ಎದುರಿಗೆ ಬಂದೇ ಬೈಯುತ್ತಿದ್ದರು.

“ಏನ್ರೀ ಇದು, ಮನೇಲಿ ಸೂರ್ಯನ್ನ ಸಾಕಿದೀರಾ? ನಮ್ಮ ಅಡುಗೆಮನೆ ಗೋಡೆವರೆಗೂ ಬೆಳಕು!”

“ಕ್ಷಮಿಸಿ ಟೀಚರಮ್ಮ. ಫೋಟೋಗೆ. ಬನ್ನಿ, ನೋಡಿ, ಒಳಗೊಂದು ಒಂಟೆ ಇದೆ.”

ಮನೆಯೊಳಗೆ ಒಂಟೆ ಇದೆ ಎಂದರೆ ಯಾರು ತಾನೇ ನೋಡದೆ ಇರುತ್ತಾರೆ? ಟೀಚರಮ್ಮ ಕುರ್ಚಿ ಎಳೆದುಕೊಂಡು ಕೂತು, ಮೈಯಿಡೀ ಮುಂದಕ್ಕೆ ಬಾಗಿಸಿ, ಡಬ್ಬದೊಳಕ್ಕೆ ತಲೆ ಹಾಕಿದರು. ಎರಡೂ ಬದಿಯಿಂದ ಬೆಚ್ಚನೆಯ ಬೆಳಕು ಕುತ್ತಿಗೆಗೆ ತಾಗಿತು. ಲಿಫ್ಟಣ್ಣ ಹೊರಗಿನಿಂದ ವಿವರಿಸತೊಡಗಿದ. “ಕತ್ತಿನ ಹತ್ತಿರ ನೋಡಿ, ಅಲ್ಲಿ ಎರಡೆಳೆ ಸೇರಿಸಿದೀನಿ. ಬಟರ್ ಪೇಪರ್ ಇರೋದ್ರಿಂದ...”

“ಆಹಾ” ಎಂದರು ಟೀಚರಮ್ಮ.

ಲಿಫ್ಟಣ್ಣನ ಜೀವ ತಂಪಾಯಿತು. “ಚೆನ್ನಾಗಿದೆಯಾ?”

“ಸ್ವರ್ಗ ಕಣ್ರೀ. ಸ್ವಲ್ಪ ಹೊತ್ತು ಹೀಗೇ ಇರ್ತೀನಿ.”

ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಡಬ್ಬದೊಳಗಿಂದ ಮಾತು ಬಂತು. ಅದು ಬೀದಿಯವರು ಯಾರೂ ಕೇಳಿರದ ಮೆಲ್ಲನೆಯ ದನಿ. “ಶಾಲೆ ಬಿಟ್ಟ ಮೇಲೆ ಬೆಳಿಗ್ಗೆ ಹೊತ್ತು ಏನ್ಮಾಡ್ಬೇಕೋ ತಿಳಿಯಲ್ಲ ನೋಡಿ. ಒಂದೊಂದ್ಸಲ ಸುಮ್ನೆ ಹಾಜರಿ ಕೂಗ್ತೀನಿ. ಹಳೇ ಮಕ್ಕಳ ಹೆಸರೆಲ್ಲ ನೆನಪಿದೆ. ಯಾರೂ ‘ಬಂದಿದೀನಿ ಮಿಸ್’ ಅನ್ನಲ್ಲ, ಅಷ್ಟೆ.” ಹಾಜರಿಯ ಕತೆ ಮುಗಿಯಿತು, ಹೆಡ್‌ಮಾಸ್ತರ ಕತೆ ಶುರುವಾಗಿ ಅದೂ ಮುಗಿಯಿತು. ಲಿಫ್ಟಣ್ಣ ಬೆರಗಾಗಿ ನಿಂತಿದ್ದ. ಒಂದು ಕತೆಯ ಕೊನೆಯನ್ನು ಅವನು ಕಿವಿಯಾರೆ ಕೇಳಿ ಎಷ್ಟು ಕಾಲವಾಗಿತ್ತೋ!

ಟೀಚರಮ್ಮ ತಲೆ ಹೊರತೆಗೆದರು. ಎಡಕ್ಕೆ ತಿರುಗಿದರು. ತಿರುಗಿದ್ದು ಮೈಯಲ್ಲ, ಕುತ್ತಿಗೆ!

“ಅಯ್ಯೋ! ನೋಡ್ರೀ! ಬಲಕ್ಕೂ ಬರುತ್ತೆ!” ಅವರು ಎಡಕ್ಕೂ ಬಲಕ್ಕೂ ನೋಡುತ್ತ ಕುಣಿಯುವುದೊಂದು ಬಾಕಿ. “ಏನು ಚಿಕಿತ್ಸೆ ರೀ ಇದು?”

“ಚಿಕಿತ್ಸೆ ಅಲ್ಲ ಟೀಚರಮ್ಮ, ಫೋಟೋ ಡಬ್ಬ.”

ಟೀಚರಮ್ಮ ಅವನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಒಂದು ಕಣ್ಣು ಮುಚ್ಚಿದರು. “ಗೊತ್ತಾಯ್ತು ಬಿಡಿ. ಲೈಸೆನ್ಸು ಗಿಯ್ಸೆನ್ಸು ರಗಳೆ. ಫೋಟೋ ಡಬ್ಬ! ನಾನು ಯಾರಿಗೂ ಹೇಳಲ್ಲ.”

ಹೇಳಲ್ಲ ಎಂದವರು ಹೇಳಲಿಲ್ಲ. ಕುತ್ತಿಗೆ ತಿರುಗಿಸಿ ತೋರಿಸಿದರು, ಅಷ್ಟೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ನಡೆದರು. ಮರುದಿನ ಲಿಫ್ಟಣ್ಣ ಕೆಲಸದಿಂದ ಬರುವಷ್ಟರಲ್ಲಿ ಅವನ ಮನೆಯ ಮುಂದೆ ಸಾಲು ನಿಂತಿತ್ತು.

ಮೊದಲನೆಯವನು ಸಲೂನಿನವನು, ಹಲ್ಲುನೋವು. ಅವನ ಹಿಂದೆ ತಲೆಶೂಲೆಯವರು, ನಿದ್ದೆ ಬಾರದವರು, ಕಿವಿಯಲ್ಲಿ ಗುಂಯ್ ಎನ್ನುವವರು. ಲಿಫ್ಟಣ್ಣ ಕೈಮುಗಿದು ಹೇಳಿದ, “ದಯವಿಟ್ಟು ಕೇಳಿ. ಇದು ಔಷಧಿ ಅಲ್ಲ. ಇದರಲ್ಲಿ ಒಂಟೆ ಫೋಟೋ ತೆಗೀತಾರೆ.”

ಸಾಲಿನಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು.

“ನಮಗೂ ಒಂದು ಒಂಟೆ ಫೋಟೋ ತೆಗೆದುಬಿಡಿ ಅಣ್ಣ” ಎಂದ ಸಲೂನಿನವನು ದವಡೆ ಹಿಡಿದುಕೊಂಡು, ಕಣ್ಣು ಹೊಡೆದು.

ಇನ್ನೇನು ಮಾಡುವುದು? ಲ್ಯಾಂಪು ಹಚ್ಚಿದ. ಸಲೂನಿನವನು ತಲೆ ಹಾಕಿದ. ದಿನವಿಡೀ ಗಿರಾಕಿಗಳ ಕಿವಿಯಲ್ಲಿ ಊರ ಸುದ್ದಿ ಸುರಿಯುವ ಆ ಬಾಯಿ ಡಬ್ಬದೊಳಗೆ ಮೊದಲು ಸುಮ್ಮನಾಯಿತು. ಆಮೇಲೆ, “ಅಣ್ಣ, ಎಲ್ಲರ ತಲೆ ನಾನು ಮುಟ್ಟಿದೀನಿ. ನನ್ನ ತಲೆ ಮೇಲೆ ಕೈಯಿಟ್ಟು ಹೆಂಗಿದೀಯ ಅಂದವರು ಯಾರೂ ಇಲ್ಲ” ಎಂದಿತು. ಲಿಫ್ಟಣ್ಣ “ಹ್ಞೂಂ” ಎಂದ. ಬೇರೆ ಏನು ಹೇಳಬೇಕೋ ಅವನಿಗೆ ತಿಳಿಯದು. ಆದರೆ ಆ ಹ್ಞೂಂಕಾರ ಸಾಕಾಗುತ್ತಿತ್ತು. ಡಬ್ಬದೊಳಗೆ ತಲೆಯಿಟ್ಟವರಿಗೆ ಕೇಳುವವನ ಮುಖ ಕಾಣುವುದಿಲ್ಲ, ತಮ್ಮ ಮುಖವೂ ಯಾರಿಗೂ ಕಾಣುವುದಿಲ್ಲ. ಸುತ್ತಲೂ ಬರೀ ಬಿಳುಪು. ಹಾಗಾದಾಗ ಎಂಥ ಬಿಗಿದ ಬಾಯಿಯೂ ಸಡಿಲಾಗುತ್ತದೆ ಎಂಬ ಸಂಗತಿಯನ್ನು ಯಾವ ವೈದ್ಯಶಾಸ್ತ್ರವೂ ಗುರುತಿಸಿಲ್ಲ.

ಸುದ್ದಿ ಮನೆಯ ಓನರನ್ನು ಮುಟ್ಟಿತು. ಬೀದಿಗೆಲ್ಲ ಹುಲಿಯಾಗಿದ್ದ ಓನರು ಗುಡುಗುತ್ತಲೇ ಬಂದರು. “ಬಾಡಿಗೆಗೆ ಕೊಟ್ಟಿದ್ದು ಮನೆ! ಆಸ್ಪತ್ರೆ ಅಲ್ಲ! ಕರೆಂಟಿಗೇನು, ಗೋಡೆಗೇನು ಗತಿ? ಇವತ್ತೇ ಎತ್ತು ಇದನ್ನ!”

“ಸಾರ್, ಇದು ಫೋಟೋ...”

“ಗೊತ್ತು, ಗೊತ್ತು! ಒಂಟೆ! ನಾನೇನು ಮಗುನಾ?” ಎಂದು ಡಬ್ಬದ ಕಡೆ ನೋಡಿದರು. ಟೀಚರಮ್ಮ ಪಕ್ಕದಲ್ಲೇ ಕುತ್ತಿಗೆಯನ್ನು ಗಡಿಯಾರದ ಲೋಲಕದಂತೆ ಆಡಿಸುತ್ತ ಕೂತಿದ್ದರು. ಓನರು ದನಿ ತಗ್ಗಿಸಿ, “ಭುಜಕ್ಕೂ ಆಗುತ್ತಾ?” ಎಂದರು.

ಅವರ ತಲೆ ದೊಡ್ಡದು. ಒಳಗೆ ಹೋಗುವಾಗ ರಟ್ಟು ಒಂದು ಕಡೆ ಚರ್ ಎಂದು ಹರಿಯಿತು. ಒಳಗೆ ಹೋದ ಹುಲಿ ಬಹಳ ಹೊತ್ತು ಹೊರಗೆ ಬರಲಿಲ್ಲ. “ನಾನು ಮನೆಗೆ ಹೋದ ತಕ್ಷಣ ಟಿವಿ ಸದ್ದು ಕಮ್ಮಿ ಮಾಡ್ತಾರೆ ಕಣಯ್ಯ” ಎಂದಿತು ಡಬ್ಬ. “ನಗ್ತಾ ಇದ್ದವರು ಸುಮ್ನಾಗ್ತಾರೆ. ಏನು ನೋಡಿ ನಗ್ತಾ ಇದ್ರು ಅಂತ ನನಗೂ ನೋಡ್ಬೇಕು ಅನ್ಸುತ್ತೆ. ಕೇಳಿದ್ರೆ ಬೈದ ಹಾಗೆ ಕೇಳುತ್ತೆ. ನನ್ನ ದನಿನೇ ಹಾಗೆ.” ಲಿಫ್ಟಣ್ಣ “ಹ್ಞೂಂ” ಎಂದ. ಹೊರಬಂದ ಓನರು ಭುಜ ಆಡಿಸಿ ನೋಡಿ, ಗಂಟಲು ಸರಿಮಾಡಿಕೊಂಡು, ಹರಿದ ಕಡೆ ತಾವೇ ಟೇಪು ಅಂಟಿಸಿ ಹೋದರು. ಮರುದಿನ ಸಾಲಿನವರಿಗೆ ಕೂರಲೆಂದು ತಮ್ಮ ಮನೆಯಿಂದ ಬೆಂಚು ಕಳಿಸಿದರು.

ಬೇರೆ ಊರಿನಲ್ಲಿದ್ದ ಲಿಫ್ಟಣ್ಣನ ಅಕ್ಕನಿಗೂ ವಿಷಯ ಹೋಯಿತು. ಹೇಗೆ ಹೋಯಿತೆಂದು ಕೇಳುವುದು ವ್ಯರ್ಥ. ಸುದ್ದಿಗೆ ಲಿಫ್ಟ್ ಬೇಕಾಗಿಲ್ಲ.

“ಏನೋ, ಡಾಕ್ಟರಾಗಿದೀಯಂತೆ? ಒಡಹುಟ್ಟಿದ ಅಕ್ಕನಿಗೆ ಒಂದು ಮಾತು ಹೇಳ್ಬಾರದಾ?”

“ಅಕ್ಕಾ, ಅದು ಫೋಟೋ ತೆಗೆಯೋಕೆ ಮಾಡಿದ ಡಬ್ಬ.”

“ನನ್ನ ಹತ್ರಾನೂ ಅದನ್ನೇ ಹೇಳ್ತೀಯಾ? ಇರಲಿ. ನನ್ನ ಮಂಡಿ ಹಿಡ್ಕೊಂಡಿದೆ, ಬಸ್ಸು ಹತ್ತೋಕಾಗಲ್ಲ. ಫೋನ್ ಅದರೊಳಗಿಡು.”

“ಫೋನು ಇಟ್ರೆ ಏನಾಗುತ್ತೆ ಅಕ್ಕಾ?”

“ಇಡೋ ಅಂದ್ರೆ!”

ಇಟ್ಟ. ಸ್ಪೀಕರ್ ಹಾಕಿದ. ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡಿದರು.

“ಹ್ಞಾಂ... ಬಿಸಿ ಬರ್ತಿದೆ, ಬರ್ತಿದೆ” ಎಂದಳು ಅಕ್ಕ ನೂರಾರು ಮೈಲಿ ದೂರದಿಂದ. “ಸ್ವಲ್ಪ ಎಡಕ್ಕೆ ಸರಿಸು.”

ಸರಿಸಿದ. ಬೆಂಚಿನ ಮೇಲಿದ್ದವರೊಬ್ಬರು ಕಣ್ಣೊರೆಸಿಕೊಂಡರು. ಹಬ್ಬ ಹುಣ್ಣಿಮೆಗೂ ವರ್ಷಗಟ್ಟಲೆ ಫೋನು ಮಾಡದಿದ್ದ ಅಕ್ಕ ಅಂದಿನಿಂದ ದಿನಾ ಸಂಜೆ ತಪ್ಪದೆ ಕರೆ ಮಾಡತೊಡಗಿದಳು. ಮಂಡಿಯ ಸಮಾಚಾರ ಹೇಳಿ, ಫೋನನ್ನು ಡಬ್ಬದೊಳಗೆ ಇಡಿಸಿಕೊಂಡು, ಬೆಚ್ಚಗಾದ ಮೇಲೆ ಕರೆ ಮುಗಿಸಿಬಿಡುತ್ತಿದ್ದಳು. “ನೀನು ಹೇಗಿದೀಯ” ಎಂದು ಕೇಳಬೇಕೆಂದು ಅವಳಿಗೂ ಇತ್ತೋ ಏನೋ. ಅಷ್ಟರಲ್ಲಿ ಮಂಡಿ ಸರಿಹೋಗಿರುತ್ತಿತ್ತು.

ಲಿಫ್ಟಣ್ಣ ಈಗ ಬೀದಿಗೇ ಬೇಕಾದ ಮನುಷ್ಯ. ಕೆಲಸ ಮುಗಿದ ಕೂಡಲೇ ಓಡಿಬರುತ್ತಿದ್ದ. ಒಬ್ಬನಿಗೆ ಒಂದು ಲೋಟ ಚಹಾ ಮಾಡುತ್ತಿದ್ದವನು ದೊಡ್ಡ ಪಾತ್ರೆ ಕೊಂಡುತಂದ. ಒಂದೇ ಒಂದು ಕೊರತೆ, ಫೋಟೋ ತೆಗೆಯಲು ಡಬ್ಬ ಸಿಗುತ್ತಿರಲಿಲ್ಲ. ಒಂಟೆಯದೊಂದು ಆಗಿತ್ತು, ಇನ್ನೆರಡು ಬಾಕಿ. ಕೋಳಿಯನ್ನು ಕೈಯಲ್ಲಿ ಹಿಡಿದು, “ಒಂದು ನಿಮಿಷ ತಲೆ ತೆಗೀತೀರಾ?” ಎಂದರೆ, ಒಳಗಿನಿಂದ, “ಇನ್ನೂ ನೋವಿದೆ” ಎಂಬ ಉತ್ತರ. ಶೆಲ್ಫಿನ ಸಂಸಾರದ ಪಾಡಂತೂ ಕೇಳುವಂತಿಲ್ಲ. ಒಂಟೆಯ ಕತ್ತಿಗೆ ಯಾರೋ ಸ್ಕೂಟರಿನ ಕೀಲಿ ನೇತುಹಾಕಿದ್ದರು. ಸೈಕಲ್ಲಿನ ಮೇಲೆ ಚಹಾದ ಲೋಟ ಕೂತಿತ್ತು. ಕೊಡೆಯ ಮುದುಕನ ತಲೆಯ ಮೇಲೆ ಯಾರದೋ ಒದ್ದೆ ಕರ್ಚೀಫು ಒಣಗುತ್ತಿತ್ತು. ಲಿಫ್ಟಣ್ಣ ಸಂಕೋಚದಿಂದ, “ಅದು... ನಾನು ಮಾಡಿದ್ದು” ಎಂದರೆ, “ಬಹಳ ಅನುಕೂಲವಾಗಿದೆ” ಎಂದು ಹೊಗಳುತ್ತಿದ್ದರು.

ಮನೆ ತುಂಬ ಜನ. ಆದರೂ ಎಲ್ಲರೂ ಎದ್ದುಹೋದ ಮೇಲೆ ಲೋಟ ತೊಳೆಯುವಾಗ, ಮೊದಲಿಗಿಂತ ಮನೆ ದೊಡ್ಡದಾದಂತೆ ಅವನಿಗೆ ಅನಿಸುತ್ತಿತ್ತು.

ಶನಿವಾರ ಬಂತು, ಅದರ ಜೊತೆ ಆರೋಗ್ಯಾಧಿಕಾರಿಯೂ ಬಂದರು. ಯಾರೋ ದೂರು ಕೊಟ್ಟಿದ್ದರಂತೆ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಅವರು ಒಳಗೆ ಬಂದಾಗ ಡಬ್ಬದೊಳಗೆ ಸಲೂನಿನವನ ತಲೆಯಿತ್ತು.

“ಪರವಾನಗಿ ಇಲ್ಲದೆ ಚಿಕಿತ್ಸೆ ನಡೀತಿದೆ ಅಂತ ದೂರಿದೆ. ಯಾರು ಇಲ್ಲಿ ಡಾಕ್ಟರು?”

ಲಿಫ್ಟಣ್ಣ ಕೈಮುಗಿದ. “ಯಾರೂ ಇಲ್ಲ ಸಾರ್. ನಾನು ಲಿಫ್ಟು. ಇದು ಫೋಟೋ ಡಬ್ಬ.”

“ಹೌದು ಸಾರ್! ಫೋಟೋ ಡಬ್ಬ!” ಎಂದು ಎದ್ದು ನಿಂತರು ಟೀಚರಮ್ಮ. ತಮ್ಮ ವೈದ್ಯನನ್ನು ಉಳಿಸಿಕೊಳ್ಳಲು ಬೀದಿಗೆ ಬೀದಿಯೇ ಒಂದಾಯಿತು. “ನಾವೆಲ್ಲ ಫೋಟೋ ತೆಗೆಸೋಕೆ ಬಂದಿದೀವಿ!” “ನಾಲ್ಕು ದಿನದಿಂದ ಬರೀ ಫೋಟೋ ಸಾರ್!” ಸಲೂನಿನವನು ತಲೆ ಹೊರತೆಗೆಯದೆ ಒಳಗಿನಿಂದಲೇ, “ನಂದು ಈಗ ತೆಗೀತಾ ಇದಾರೆ” ಎಂದ.

“ಹಾಗಾದ್ರೆ ಫೋಟೋ ತೋರಿಸಿ” ಎಂದರು ಅಧಿಕಾರಿ.

ಎಲ್ಲರೂ ಲಿಫ್ಟಣ್ಣನನ್ನು ನೋಡಿದರು. ಅವನು ಫೋನು ತೆಗೆದು ಇದ್ದ ಒಂದೇ ಫೋಟೋ ತೋರಿಸಿದ.

“ಇದು ಯಾವ ಪೇಷೆಂಟು?”

“ಒಂಟೆ, ಸಾರ್.”

ಅಧಿಕಾರಿಯ ಮುಖ ಕೆಂಪಾಯಿತು. “ತಮಾಷೆನಾ? ಇದು ಫೋಟೋ ತೆಗೆಯೋ ಡಬ್ಬನೇ ಆಗಿದ್ರೆ ಈಗ, ನನ್ನ ಕಣ್ಣೆದುರಿಗೆ, ಇದರಲ್ಲಿ ಫೋಟೋ ತೆಗೀರಿ. ಇಲ್ಲಾಂದ್ರೆ ಡಬ್ಬ ಜಪ್ತಿ, ನೀವೂ ನನ್ನ ಜೊತೆ ಬನ್ನಿ.”

ಹೀಗೆ, ಸರ್ಕಾರಿ ಅಪ್ಪಣೆಯ ಮೇರೆಗೆ, ಲಿಫ್ಟಣ್ಣನಿಗೆ ಕೊನೆಗೂ ಫೋಟೋ ತೆಗೆಯುವ ಅವಕಾಶ ಸಿಕ್ಕಿತು.

ಅವನು ಸಲೂನಿನವನನ್ನು ಎಬ್ಬಿಸಿ, ಕೋಳಿಯನ್ನೂ ಮರಿಗಳನ್ನೂ ತಂದು ಬಿಳಿ ಹಾಳೆಯ ಮೇಲೆ ನಿಲ್ಲಿಸಿದ. ಹಾಗೆ ನಿಲ್ಲಿಸಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. “ಟ್ಯೂಬ್‌ಲೈಟ್ ಆರಿಸಿ” ಎಂದ. ಯಾರೋ ಆರಿಸಿದರು. “ಕಿಟಕಿ ಪರದೆ ಎಳೀರಿ. ಹೊರಗಿನ ಬೆಳಕು ಸೇರಿದ್ರೆ ಬಣ್ಣ ಕೆಡುತ್ತೆ.” ಟೀಚರಮ್ಮ ಓಡಿ ಎಳೆದರು. “ಸಾರ್, ಈ ಫಾಯಿಲ್ ರಟ್ಟು ಹಿಡ್ಕೊಳ್ಳಿ” ಎಂದು ಓನರ ಕೈಗೆ ಕೊಟ್ಟ. “ಕೆಳಗೆ. ಇನ್ನೂ ಕೆಳಗೆ. ಮರಿ ಹೊಟ್ಟೆಗೆ ಬೆಳಕು ಬೀಳ್ಬೇಕು.” ಬೀದಿಯ ಹುಲಿ ಮಂಡಿಯೂರಿ ಮರಿಯ ಹೊಟ್ಟೆಗೆ ಬೆಳಕು ಹಿಡಿಯಿತು. “ಯಾರೂ ಅಲುಗಾಡ್ಬೇಡಿ. ನೆಲ ಅದುರಿದ್ರೆ ಮಸುಕಾಗುತ್ತೆ.” ಸಾಲಿಗೆ ಸಾಲೇ ಉಸಿರು ಹಿಡಿಯಿತು. ಅಧಿಕಾರಿಯೂ ಹಿಡಿದರು.

ಕ್ಲಿಕ್.

ಕೋಳಿ ತೆಗೆದು ಸೈಕಲ್ಲು ಇಟ್ಟ. ಎಡಗಡೆಯ ಲ್ಯಾಂಪನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಪೆಡಲನ್ನು ಬೆರಳ ತುದಿಯಿಂದ ಕೊಂಚ ತಿರುಗಿಸಿದ, ಈಗಷ್ಟೇ ಯಾರೋ ಇಳಿದುಹೋದ ಹಾಗೆ.

ಕ್ಲಿಕ್.

ಅಧಿಕಾರಿ ಫೋನು ತೆಗೆದುಕೊಂಡು ನೋಡಿದರು. ಬೆರಳಿಂದ ದೊಡ್ಡದು ಮಾಡಿ ಚೈನು ನೋಡಿದರು. ಲಿಫ್ಟಣ್ಣ ಕಾದ. ಇಷ್ಟು ಕಣ್ಣುಗಳು ತನ್ನ ಕಡೆ ನೋಡುತ್ತಿರುವಾಗ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

“ಸರಿ” ಎಂದರು ಅಧಿಕಾರಿ. “ಇದು ಫೋಟೋ ಡಬ್ಬನೇ. ಅನುಮಾನವಿಲ್ಲ. ಇದರಲ್ಲಿ ಯಾವ ಔಷಧೀಯ ಗುಣವೂ ಇಲ್ಲ ಅಂತ ವರದಿ ಬರೀತೀನಿ.” ಹೊರಟುಹೋದರು.

ಲಿಫ್ಟಣ್ಣ ಗೆದ್ದ ನಗು ನಗುತ್ತ ತಿರುಗಿದ. ಯಾರೂ ನಗುತ್ತಿರಲಿಲ್ಲ.

“ಅಂದ್ರೆ...” ಎಂದರು ಟೀಚರಮ್ಮ, “ನಿಜವಾಗ್ಲೂ ಫೋಟೋ ಡಬ್ಬನೇನಾ?”

“ಮೊದಲ ದಿನದಿಂದ ಹೇಳ್ತಾನೇ ಇದೀನಲ್ಲ, ಟೀಚರಮ್ಮ.”

“ನೀವು ಹಾಗೆ ಹೇಳಿದ್ದಕ್ಕೇ ಅಲ್ವಾ ನಾವು ಚಿಕಿತ್ಸೆ ಅಂತ ನಂಬಿದ್ದು!”

ಅವರ ಕೈ ಮೆಲ್ಲಗೆ ಕುತ್ತಿಗೆಗೆ ಹೋಯಿತು. ಕುತ್ತಿಗೆ ಅಲ್ಲೇ, ಎಲ್ಲರೆದುರೇ, ಹಿಡಿದುಕೊಂಡಿತು. ಸಲೂನಿನವನು ದವಡೆ ಒತ್ತಿಕೊಂಡ. ಓನರು ಎದ್ದು ಮಂಡಿಯ ಧೂಳು ಕೊಡವಿ, ಭುಜ ನೀವಿಕೊಂಡು, “ಬೆಂಚು ಕಳಿಸಿಕೊಡು” ಎಂದರು. ಒಬ್ಬೊಬ್ಬರಾಗಿ ಹೊರಟರು. ಒಂಟೆಯ ಕತ್ತಿನಿಂದ ಕೀಲಿ ಹೋಯಿತು, ಮುದುಕನ ತಲೆಯಿಂದ ಕರ್ಚೀಫು ಹೋಯಿತು. “ಬರೀ ಫೋಟೋ ಅಂತೆ!” “ನಾಲ್ಕು ದಿನ ಮೋಸ ಮಾಡಿದ ನೋಡು!” ಎಂಬ ಮಾತು ಬೀದಿಯಲ್ಲಿ ದೂರವಾಗುತ್ತ ಹೋಯಿತು. ಸಂಜೆ ಅಕ್ಕನ ಫೋನು ಬರಲಿಲ್ಲ. ಅವಳಿಗೂ ಸುದ್ದಿ ತಲುಪಿರಬೇಕು.

ಮೂರು ಫೋಟೋಗಳನ್ನೂ ಅವನು ಸಂಘಕ್ಕೆ ಕಳಿಸಿ ಸುಮ್ಮನೆ ಕೂತ. ಇದೊಂದಾದರೂ ಆಯಿತಲ್ಲ ಎಂದುಕೊಂಡ.

ಸೋಮವಾರ ಮೇಡಂ ಲಿಫ್ಟ್ ಹತ್ತಿದವರೇ ಅವನ ಕಡೆ ತಿರುಗಿ ನಕ್ಕರು. ಕೆಂಪು ಅಂಕಿಯನ್ನು ನೋಡಲೇ ಇಲ್ಲ.

“ಅಬ್ಬಾ, ಏನು ಫೋಟೋ ರೀ! ಕಮಿಟಿಯವರೆಲ್ಲ ಬೆರಗಾಗಿಬಿಟ್ರು. ಆ ಬೆಳಕು, ಆ ನೆರಳು! ನಿಮ್ಮನ್ನ ಛಾಯಾಚಿತ್ರ ವಿಭಾಗಕ್ಕೆ ಆಯ್ಕೆ ಮಾಡಿದೀವಿ. ದೊಡ್ಡದಾಗಿ ಪ್ರಿಂಟ್ ಹಾಕಿಸ್ತೀವಿ.”

“ಕರಕುಶಲ ವಿಭಾಗ, ಮೇಡಂ...”

“ಅದು ಬೇರೆ. ಒಂಟೆ ಗಿಂಟೆ ತರೋ ತೊಂದರೆ ತಗೋಬೇಡಿ. ಅಂದಹಾಗೆ ಒಂಟೆ ಮಾಡಿದವರು ಯಾರು? ಅವರ ಹೆಸರೂ ಹಾಕ್ಬೇಕಲ್ಲ.”

ಲಿಫ್ಟಣ್ಣ ಬಾಯಿ ತೆರೆದ. ಉಸಿರೆಳೆದುಕೊಂಡ. ಮೂರನೇ ಮಹಡಿ ಬಂತು. ಬಾಗಿಲು ತೆರೆಯಿತು. “ಆಮೇಲೆ ಹೇಳಿ!” ಎಂದು ಮೇಡಂ ಇಳಿದುಹೋದರು. ಹೊರಗಿದ್ದ ನಾಲ್ವರು ಒಳಗೆ ಬಂದು ಅಂಕಿಯತ್ತ ಮುಖವೆತ್ತಿ ನಿಂತರು.

ಅಂದು ಸಂಜೆ ಮಳೆ ಹನಿಯುತ್ತಿತ್ತು. ಮನೆಗೆ ಬಂದವನಿಗೆ ಇಕ್ಕಳ ಮುಟ್ಟಲು ಮನಸ್ಸಾಗಲಿಲ್ಲ. ದೊಡ್ಡ ಪಾತ್ರೆಯಲ್ಲಿ ಒಂದೇ ಲೋಟ ಚಹಾ ಕಾಯಿಸಿದ. ಅದು ತಳದಲ್ಲೇ ಸೀದುಹೋಯಿತು. ಮುಂಬಾಗಿಲು ಹಾಕಲೂ ಮರೆತು ಮೇಜಿನ ಮುಂದೆ ಕೂತ. ಟೇಪು ಮೆತ್ತಿದ ಡಬ್ಬ ಅಲ್ಲೇ ಇತ್ತು. ಎರಡೂ ಲ್ಯಾಂಪು ಹಚ್ಚಿದ. ಫೋಟೋ ತೆಗೆಯಲು ಏನೂ ಇರಲಿಲ್ಲ. ಆಚೀಚೆ ನೋಡಿ, ಮೆಲ್ಲಗೆ ತನ್ನ ತಲೆಯನ್ನೇ ಒಳಗಿಟ್ಟ.

ಒಳಗೆ ಬೆಚ್ಚಗಿತ್ತು. ಮೂಲೆಯಿಲ್ಲ, ಮಡಿಕೆಯಿಲ್ಲ, ಬರೀ ಬಿಳಿ ಬೆಳಕು. ಇಷ್ಟು ದಿನ ಎಲ್ಲರೂ ಇಲ್ಲಿ ಯಾಕೆ ಅಷ್ಟು ಹೊತ್ತು ಕೂರುತ್ತಿದ್ದರು ಎಂಬುದು ಅವನಿಗೆ ಅರ್ಥವಾಯಿತು.

“ಒಂಟೆ ಮಾಡಿದ್ದು ನಾನೇ, ಮೇಡಂ” ಎಂದ.

ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಮತ್ತೆ ಹೇಳಿದ, “ಕೋಳಿನೂ ನಾನೇ ಮಾಡಿದ್ದು. ಸೈಕಲ್ಲಿನ ಚೈನು ಹೆಣೆಯೋಕೆ ಒಂದು ಮಳೆಗಾಲ ಪೂರ್ತಿ ಹಿಡೀತು. ಕಣ್ಣಲ್ಲಿ ನೀರು ಬರೋದು. ಯಾರಾದ್ರೂ ನೋಡ್ತಾರೆ ಅಂತ ಮಾಡ್ಲಿಲ್ಲ. ಹಾಗಂತ ಹೇಳ್ಕೊಂಡೇ ಮಾಡಿದೆ. ಆದ್ರೂ ಬಾಗಿಲಲ್ಲಿ ಸದ್ದಾದ್ರೆ, ಯಾವುದಕ್ಕೂ ಇರಲಿ ಅಂತ, ಧೂಳು ಒರೆಸಿ ಇಡ್ತಿದ್ದೆ. ಜನ ಬಂದಾಗ ಬಹಳ ಚೆನ್ನಾಗಿತ್ತು. ನೋವಿದ್ದವರೇ ಬರ್ಲಿ, ಯಾರಾದ್ರೂ ಬರ್ಲಿ ಅನಿಸೋದು. ಹಾಗೆ ಅಂದ್ಕೋಬಾರದು. ಆದ್ರೂ ಅನಿಸೋದು.”

“ಈ ಕೊಕ್ಕರೆಗೆ ಒಂದೇ ಕಾಲು ಯಾಕೆ ಮಾಡಿದ್ರಿ? ತಂತಿ ಸಾಲಲಿಲ್ವಾ?”

ಲಿಫ್ಟಣ್ಣ ಬೆಚ್ಚಿಬಿದ್ದ. ತಲೆ ರಟ್ಟಿಗೆ ದಬ್ ಎಂದು ಬಡಿಯಿತು. ಅದು ಟೀಚರಮ್ಮನ ದನಿ. ಶನಿವಾರ ಮರೆತುಹೋಗಿದ್ದ ತಮ್ಮ ಕೊಡೆ ತೆಗೆದುಕೊಂಡು ಹೋಗಲು ಬಂದಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ಅವನು ಗಡಿಬಿಡಿಯಲ್ಲಿ ತಲೆ ಹೊರಗೆಳೆಯಹೋದ.

“ಬೇಡ, ಬೇಡ. ಅಲ್ಲೇ ಇರಿ” ಎಂದರು ಟೀಚರಮ್ಮ. “ಅಲ್ಲಿಂದ್ಲೇ ಹೇಳಿ.”

ಬಟರ್ ಪೇಪರಿನ ಆಚೆ ಮಳೆಯ ಸದ್ದು ಕೇಳುತ್ತಿತ್ತು. ಲಿಫ್ಟಣ್ಣ ಬಿಳಿ ಹಾಳೆಯನ್ನೇ ನೋಡುತ್ತ ಹೇಳಿದ:

“ಇನ್ನೊಂದು ಕಾಲೂ ಇದೆ, ಟೀಚರಮ್ಮ. ರೆಕ್ಕೆ ಕೆಳಗೆ ಮಡಚಿ ಇಟ್ಕೊಂಡಿದೆ. ಬಗ್ಗಿ ನೋಡಿದ್ರೆ ಕಾಣುತ್ತೆ.”

ಕುರ್ಚಿ ಎಳೆದ ಸದ್ದಾಯಿತು. ಟೀಚರಮ್ಮ ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು, “ಅಯ್ಯಯ್ಯೋ” ಎಂದು ನರಳುತ್ತ, ನಿಧಾನವಾಗಿ ಬಗ್ಗಿದರು.